ಗಿರಿಜಕ್ಕಾರ ಇಪ್ಪತ್ತೊಂದು ಕಿಲೋಮೀಟರು

ಹೋದ ವಾರ ತಂಗಿಯ ಮನೆಗೆಂದು ರೋಣದಿಂದ ಗಜೇಂದ್ರಗಡದ ಬಸ್ಸು ಹತ್ತಿದ್ದೆ. ತೊಡೆಯ ಮೇಲೆ ಶೇಂಗಾ ಹೋಳಿಗೆಯ ಡಬ್ಬಿ. ಬಸ್ಸು ಇನ್ನೇನು ಬಿಡಬೇಕು ಅನ್ನುವಾಗ ಒಬ್ಬ ಹುಡುಗಿ ಓಡೋಡಿ ಬಂದು ನನ್ನ ಪಕ್ಕ ಕುಳಿತಳು. ಕುತ್ತಿಗೆಯ ತುಂಬ ಬೆವರು. ಕುಳಿತವಳೇ ಚೀಲದಿಂದ ಸಣ್ಣದೊಂದು ಸೆಂಟಿನ ಬಾಟಲಿ ತೆಗೆದು ಮೈಮೇಲಿನ ಹಸಿ ಬಟ್ಟೆಗೇ ಎರಡು ಸಲ ಹೊಡೆದುಕೊಂಡಳು. ಆಕೆಯ ತಪ್ಪೇನೂ ಇಲ್ಲ. ಆದರೆ ಬೆವರಿನ ಮೇಲೆ ಮಲ್ಲಿಗೆಯ ಸೆಂಟು ಬಿದ್ದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಿಂದ ಬಾಯಿ ಮುಚ್ಚಿಕೊಂಡೆ. ಕಿಟಕಿ ಸರಿಸಿ ಮುಖ ಗಾಳಿಗೊಡ್ಡಿದೆ.

"ಅಕ್ಕಾರ, ವಾಂತಿ ಬರಂಗ ಆಗೈತೇನ್ರಿ? ಮುಂದಿನ ಸೀಟಿಗೆ ಬರ್ರಿ," ಅಂದ ಕಂಡಕ್ಟರ್.

ವಾಂತಿ ಬರಲಿಲ್ಲ. ಬಂದಿದ್ದರೆ ಹಗುರಾಗುತ್ತಿತ್ತು. ಬಂದದ್ದು ಮೂರು ವರ್ಷದ ಹಿಂದಿನ ಒಂದು ಹಿಂಗಾರಿ ಹಂಗಾಮು.

ನಾನು ನರಗುಂದದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಗುಮಾಸ್ತೆ. ನಲವತ್ತನಾಲ್ಕನೇ ವಯಸ್ಸಿಗೆ ಸಕ್ಕರೆ ಕಾಯಿಲೆ ಹಿಡಿಯಿತು, ಡಾಕ್ಟರು ನಡೆಯಲು ಹೇಳಿದರು. ನಡೆದು ನಡೆದು ಬೇಸರವಾಗಿ ಓಡತೊಡಗಿದೆ. ಹುಬ್ಬಳ್ಳಿ, ಧಾರವಾಡದ ಕಡೆ ಮೂರು ಸಲ ಅರ್ಧ ಮ್ಯಾರಥಾನ್ ಮುಗಿಸಿದೆ. ಮೂರೂ ಸಲ ಕೊನೆಯಿಂದ ಎಣಿಸಿದರೆ ಬೇಗ ಸಿಗುವ ಜಾಗದಲ್ಲಿದ್ದೆ. ಊರಿಗೆ ಅಷ್ಟೇ ಸಾಕಾಯಿತು, "ಓಡೂ ಅಕ್ಕಾರು" ಎಂದು ಹೆಸರಿಟ್ಟರು. ಓಡಿ ಬಂದು ಚಹಾ ಕುದಿಯುವಷ್ಟು ಹೊತ್ತು ಡೈರಿ ಬರೆಯುವುದು ನನ್ನ ರೂಢಿ. ಯಾರು ಬಂದರು, ಗಾಳಿ ಯಾವ ಕಡೆಯದು, ಯಾರ ಯಾವ ಬೆರಳಿಗೆ ಬೊಬ್ಬೆ ಎದ್ದಿತು, ಇಷ್ಟೇ.

ಆ ವರ್ಷ ಶ್ರಾವಣದಲ್ಲಿ ಊರಿನ ಕೆಲವು ವ್ಯಾಪಾರಸ್ಥರು ಸೇರಿ ಒಂದು ಸಮಿತಿ ಮಾಡಿದರು. ಮಲಪ್ರಭಾ ಹೊಳೆ ಏರಿ ಬಂದಾಗ ಮೆಣಸಗಿಯ ಕಡೆ ಶಾಲೆಯ ಕೋಣೆಗಳು ಹಾಳಾಗಿದ್ದವು. ಅವುಗಳ ಚಾವಣಿಗೆಂದು ಚಳಿಗಾಲದಲ್ಲಿ ಒಂದು ಅರ್ಧ ಮ್ಯಾರಥಾನ್. ಓಡುವವರು ತಮ್ಮ ತಮ್ಮ ನೆಂಟರಿಷ್ಟರಿಂದ ದೇಣಿಗೆ ಹೇಳಿಸಿಕೊಂಡು ಬರಬೇಕು, ಓಟ ಮುಗಿಸಿದರೆ ಆ ದೇಣಿಗೆ ಶಾಲೆಗೆ. ಹೆಣ್ಣುಮಕ್ಕಳನ್ನು ತಯಾರು ಮಾಡುವ ಕೆಲಸ ನನಗೆ ಬಂತು.

ಮೊದಲ ಬೆಳಗ್ಗೆ ಇಬ್ಬರು ಬಂದರು. ಒಬ್ಬರು ಶಾಂತಾ ಟೀಚರ್. ಬಾಯಿ ನಿಂತರೆ ಕಾಲೂ ನಿಲ್ಲುತ್ತಿದ್ದ ಹೆಂಗಸು, ಮಾತಾಡುತ್ತಲೇ ಓಡಬೇಕು. ಇನ್ನೊಬ್ಬರು ಗಿರಿಜಕ್ಕ. ಅವರ ಯಜಮಾನರದು ಕಾಳುಕಡಿಯ ದೊಡ್ಡ ದುಕಾನು. ಕಾರಿನಲ್ಲಿ ಬಂದಿಳಿದರು. ಹೊಸ ಬೂಟು, ಹೊಸ ಟೊಪ್ಪಿಗೆ, ಕೈಯಲ್ಲಿ ತಾಮ್ರದ ಬಾಟಲಿ. ಇಳಿದವರೇ ಫೋಟೋ ತೆಗೆಸಿಕೊಂಡರು. ಓಡುವ ಮುಂಚೆ ಯಾಕೆಂದು ಶಾಂತಾ ಟೀಚರ್ ಕೇಳಿದರೆ, "ಓಡಿದ ಮ್ಯಾಲ ಮಾರಿ ಚಲೋ ಬರೂದಿಲ್ರಿ," ಅಂದರು. ನಾವೂ ನಕ್ಕೆವು. ಆಗಿನ್ನೂ ನಗಬಹುದಾಗಿತ್ತು.

ನೀಲವ್ವ ಬಂದದ್ದು ನಾಲ್ಕನೇ ದಿನ. ಗಿರಿಜಕ್ಕನವರ ದುಕಾನಿನಲ್ಲಿ ಕಾಳು ಹಸನ ಮಾಡುವ ಹೆಣ್ಣುಮಗಳು, ಮೂವತ್ತೈದರ ಆಸುಪಾಸು. ಊರು ಮೆಣಸಗಿ. ಹೊಳೆ ಮನೆಯೊಳಗೆ ಬಂದ ವರ್ಷ ದುಡಿಮೆಗೆಂದು ನರಗುಂದಕ್ಕೆ ಬಂದು ಒಂದು ಕೋಣೆ ಹಿಡಿದಿದ್ದಳು. ಮಗಳು ಅಜ್ಜಿಯ ಹತ್ತಿರ ಊರಲ್ಲೇ ಉಳಿದು ಅದೇ ಶಾಲೆಗೆ ಹೋಗುತ್ತಿದ್ದಳು. ರಸ್ತೆಯ ಆಚೆ ನಿಂತು ನಮ್ಮನ್ನೇ ನೋಡುತ್ತಿದ್ದವಳು ದಾಟಿ ಬಂದಳು.

"ಅಕ್ಕಾರ, ನಾ ಓಡಿದ್ರ ನಡೀತೈತೇನ್ರಿ?"

"ನಡಿಯೂದಿಲ್ಲವಾ, ಓಡಬೇಕು," ಅಂದರು ಶಾಂತಾ ಟೀಚರ್.

"ಮಂದಿ ನಗತಾರಂತ ಮೂರ ದಿನ ಸುಮ್ನಿದ್ದೆ."

ಯಾಕೆ ಓಡಬೇಕೆನಿಸಿತು ಎಂದು ನಾನು ಕೇಳಿದೆ. ಅವಳ ಮಾತು ಡೈರಿಯಲ್ಲಿ ಹಾಗೆಯೇ ಇದೆ. "ಹೊಳಿ ಬಂದಾಗ ಎಂಟ ಸಲ ಸಾಲಿನ್ಯಾಗ ನಿಂತೀನ್ರಿ. ಬ್ರೆಡ್ಡಿಗೆ, ಚಾದರಕ್ಕ, ಕೊಡಕ್ಕ. ಪ್ರತಿಸಲ ಕೊಡಾವ್ರ ಬಾಜೂಕ ನಿಂದರಿಸಿ ಫೋಟೋ ಹೊಡದ್ರು. ಇಸಗೊಳ್ಳೂದು ಸಾಕಾತ್ರಿ. ಈ ಓಟ ನಮ್ಮೂರ ಹುಡುಗರ ಸಾಲಿಗೆ ಅಂತಲ್ರಿ? ಒಮ್ಮೆರ ಕೊಡಾವ್ರ ಸಾಲಿನ್ಯಾಗ ನಿಂದರತೀನಿ."

ಅವಳಿಗೆ ದೇಣಿಗೆ ಹೇಳುವ ನೆಂಟರು ಎಲ್ಲಿಂದ ಬರಬೇಕು? ದುಕಾನಿನ ಹತ್ತು ಹೆಣ್ಣುಮಕ್ಕಳು ಒಂದೊಂದು ಸೇರು ಜೋಳ ಕೊಡುತ್ತೇವೆ ಅಂದಿದ್ದರಂತೆ. ಸಮಿತಿಯವರು ನಕ್ಕು ಒಪ್ಪಿದರು. ಅವಳ ಹೆಸರು ಬರೆಸಿದೆ.

ಚಿಕ್ಕನರಗುಂದದ ರಸ್ತೆಯೇ ನಮ್ಮ ಮೈದಾನ. ಆ ರಸ್ತೆಯ ಬಗ್ಗೆ ಸುಳ್ಳು ಬರೆಯಲಾರೆ. ಊರು ದಾಟುವವರೆಗೆ ಎರಡೂ ಬದಿ ತಂಬಿಗೆ ಹಿಡಿದು ಕುಳಿತವರು. ನಾವು ಬಂದರೆ ಗಂಡಸರು ಏಳುತ್ತಿರಲಿಲ್ಲ, ಮುಖ ಆಚೆ ತಿರುಗಿಸಿದರೆ ಮುಗಿಯಿತು. ಗುಟ್ಕಾದ ಕೆಂಪು ಉಗುಳು ಎಷ್ಟು ಕಡೆ ಇರುತ್ತಿತ್ತೆಂದರೆ ಕಾಲಿಡುವ ಜಾಗ ಆರಿಸಿ ಆರಿಸಿ ನಮ್ಮ ಓಟ ಕುಂಟಾಬಿಲ್ಲೆಯಂತಾಗುತ್ತಿತ್ತು. ಬೈಕಿನ ಹುಡುಗರು ಪಕ್ಕಕ್ಕೆ ಬಂದು "ಯಾರ ಮನಿ ಎಮ್ಮಿ ತಪ್ಪಿಸಿಕೊಂಡಾವಲೇ?" ಎಂದು ಕೂಗುತ್ತಿದ್ದರು. ನೀಲವ್ವ ಒಂದು ದಿನ ತಿರುಗಿ ಓಡುತ್ತಲೇ ಉತ್ತರ ಕೊಟ್ಟಳು: "ನಿಮ್ಮ ಮನೀವ ಇರಬೇಕ ನೋಡೋ ತಮ್ಮಾ, ಹಿಂಡಾಕ ಬಾ!" ಆಮೇಲೆ ಆ ಹುಡುಗರು ಬರಲಿಲ್ಲ. ಹೊಲಸು ಮಾತ್ರ ಹಾಗೇ ಇತ್ತು. ಇಷ್ಟೆಲ್ಲ ಹೇಸಿಗೆಗೆ ಒಂದು ತಿಂಗಳಲ್ಲಿ ನಾನು ಒಗ್ಗಿಕೊಂಡೆ. ಮನೆಗೆ ಬಂದು ಬೂಟು ತೊಳೆದರೆ ಹೋಗುವಂಥದ್ದು ಅದು.

ನೀಲವ್ವ ಮೊದಲು ಚಪ್ಪಲಿಗೆ ಅರಿವೆ ಕಟ್ಟಿಕೊಂಡು ಓಡಿದಳು. ನನ್ನ ಹಳೆಯ ಬೂಟು ಕೊಟ್ಟೆ. ಅವು ದೊಡ್ಡವಾದವು, ತುದಿಗೆ ಚಿಂದಿ ತುರುಕಿಕೊಂಡಳು. ಎರಡು ಉಗುರು ಕಪ್ಪಾಗಿ ಬಿದ್ದವು. ಹೆಸರುಕಾಳಿನ ಸುಗ್ಗಿ ಮುಗಿಯುವ ಹೊತ್ತಿಗೆ ಐದು ಕಿಲೋಮೀಟರು, ಕಡಲಿ ಬಿತ್ತುವಾಗ ಒಂಬತ್ತು. ಮಳೆ ಬಿದ್ದ ದಿನ ಎರೆಮಣ್ಣು ಬೂಟಿಗೆ ಹತ್ತಿ ಒಂದೊಂದು ಕಾಲು ಕಲ್ಲಿನಷ್ಟು ಭಾರವಾದರೆ ಬೂಟು ಬಿಚ್ಚಿ ಕೊರಳಿಗೆ ಹಾಕಿಕೊಂಡು ಬರಿಗಾಲಲ್ಲಿ ಓಡಿದಳು. ಉಸಿರು ಹೇಗೆ ಬಿಡಬೇಕು ಎಂದು ನಾನು ಹೇಳಿದ್ದನ್ನು ಒಂದೇ ಸಲಕ್ಕೆ ಹಿಡಿದಳು. "ಕಾಳು ತೂರುವಾಗ ಹಿಂಗ ಬಿಡತೀವ್ರಿ," ಅಂದಳು.

ಗಿರಿಜಕ್ಕ ವಾರಕ್ಕೆ ಎರಡು ದಿನ ಬರುತ್ತಿದ್ದರು. ಮೃದು ಮಾತಿನವರು, ಬರುವಾಗ ಎಲ್ಲರಿಗೂ ಖರ್ಜೂರ ತರುತ್ತಿದ್ದರು. ನೀಲವ್ವನಿಗೆ ಬಾಯಾರಿದರೆ ತಮ್ಮ ಬಾಟಲಿಯ ನೀರನ್ನೇ ಕೊಡುತ್ತಿದ್ದರು. ಆಕೆ ಬೊಗಸೆ ಒಡ್ಡಬೇಕು, ಇವರು ಮೊಳದೆತ್ತರದಿಂದ ಸುರಿಯಬೇಕು. ಆ ಎತ್ತರ ನನಗೆ ಕಂಡಿತ್ತು. ಡೈರಿಯಲ್ಲಿ ಅದನ್ನು ಬರೆದಿಲ್ಲ. ಆ ದಿನ ಮೂಡಣ ಗಾಳಿ ಇತ್ತೆಂದು ಬರೆದಿದ್ದೇನೆ.

ದೀಪಾವಳಿ ಆದಮೇಲೆ ಗಿರಿಜಕ್ಕ ಬರುವುದು ನಿಂತಿತು. ಮೊಣಕಾಲು ನೋವು ಅಂದರು. ಆದರೆ ಫೋನಿನ ಗುಂಪಿನಲ್ಲಿ ಅವರ ಓಟ ನಿಲ್ಲಲಿಲ್ಲ. ಬೂಟಿನ ಫೋಟೋ, ಸೂರ್ಯೋದಯದ ಫೋಟೋ, "ಇಂದು ಹದಿನಾಲ್ಕು ಕಿಲೋಮೀಟರು" ಎಂಬ ಬರಹ. ಆ ಹದಿನಾಲ್ಕು ಓಡಿದವರು ನಾವು ಮೂವರು. ಹುಬ್ಬಳ್ಳಿಯಿಂದ, ಇಚಲಕರಂಜಿಯಿಂದ, ಮುಂಬೈಯಿಂದ ಅವರ ಬಳಗದವರು ಕೈಮುಗಿದ ಚಿತ್ರ ಕಳಿಸುತ್ತಿದ್ದರು, ದೇಣಿಗೆ ಹೇಳುತ್ತಿದ್ದರು. ಒಂದು ಇಡೀ ಕೋಣೆಯ ಚಾವಣಿ ಆಗುವಷ್ಟು ಹೇಳಿದರಂತೆ.

ಓಟಕ್ಕೆ ಎಂಟು ದಿನ ಇರುವಾಗ ಗಿರಿಜಕ್ಕ ನನ್ನ ಮನೆಗೇ ಬಂದರು. ನಾನು ಮೆಂತ್ಯದ ಸೊಪ್ಪು ಸೋಸುತ್ತಿದ್ದೆ. ಅವರೂ ಕುಳಿತು ಎರಡು ಕಟ್ಟು ಸೋಸಿಕೊಟ್ಟರು. ಸೋಸುತ್ತಲೇ ಹೇಳಿದರು.

"ಸುಮಿತ್ರಕ್ಕಾರ, ನನ್ನ ನಂಬರಿನ ಮ್ಯಾಲ ನೀಲವ್ವ ಓಡಲಿ."

ನನಗೆ ತಿಳಿಯಲಿಲ್ಲ. "ಆಕಿಗೆ ಆಕಿ ನಂಬರ ಐತಲ್ರಿ?"

"ಆಕಿ ನಂಬರಿಗೆ ಏನ್ ಬರತೈತ್ರಿ, ಹತ್ತ ಸೇರು ಜ್ವಾಳ. ನನ್ನ ನಂಬರಿಗೆ ಒಂದ ಖೋಲಿ ಐತಿ. ನಾ ಮುಗಸಲಿಲ್ಲಂದ್ರ ನಮ್ಮ ಮಂದಿ ಕೊಡೂದಿಲ್ಲ, ಹಂಗ ಮಾತಾಗೈತಿ. ಹಾನಿ ಯಾರಿಗೆ? ಆಕಿ ಮಗಳಿಗೇ."

"ಅದು ಸುಳ್ಳಾಗತೈತಲ್ರಿ ಅಕ್ಕಾರ."

"ಸುಳ್ಳ ಹೆಂಗ? ನಮ್ಮ ಅತ್ತೀಯವರು ಪ್ರತಿ ವರ್ಷ ಶ್ರೀಶೈಲಕ್ಕ ಒಬ್ಬಾಂವನ್ನ ತಮ್ಮ ಹೆಸರಲೆ ಪಾದಯಾತ್ರೆಗೆ ಕಳಸತಾರ. ಬುತ್ತಿ ಕಟ್ಟತಾರ, ಚಪ್ಪಲಿ ಕೊಡಸತಾರ. ಅಂವ ನಡೀತಾನ, ಪುಣ್ಯ ಅತ್ತೀಯವರಿಗೆ. ಶ್ರೀಶೈಲದ ಮಲ್ಲಯ್ಯ ಒಮ್ಮೆರ ಬ್ಯಾಡ ಅಂದಾನೇನ್ರಿ?"

ಅವರ ಮುಖದಲ್ಲಿ ಕಳ್ಳತನ ಇರಲಿಲ್ಲ. ಅದೇ ನನ್ನನ್ನು ಇವತ್ತಿಗೂ ಕಾಡುತ್ತದೆ. ನಮ್ಮ ಕಡೆ ಹರಕೆಯ ನಡಿಗೆಗೆ ಬದಲಿ ಆಳು ಹೋಗುವುದು ಹಳೆಯ ಪದ್ಧತಿ. ಓಟವೂ ಹಾಗೇ ಎಂದು ಆಕೆ ಖರೇ ನಂಬಿದ್ದರು. ಹೇಸಿಗೆಗೆ ಕೆಟ್ಟ ಮುಖ ಇರುತ್ತದೆ ಎಂದು ನಾನು ತಿಳಿದಿದ್ದೆ. ಅಂದು ಅದು ಚಾಪೆಯ ಮೇಲೆ ಕುಳಿತು ಮೆಂತ್ಯ ಸೋಸುತ್ತಿತ್ತು.

ಮರುದಿನ ಚಿಕ್ಕನರಗುಂದದ ರಸ್ತೆಯಲ್ಲಿ ನೀಲವ್ವನಿಗೆ ಹೇಳಿದೆ. ಸಂಗತಿ ಅವಳಿಗೆ ದುಕಾನಿನಲ್ಲಿ ಮೊದಲೇ ಗೊತ್ತಾಗಿತ್ತು. ಬಹಳ ದೂರ ಹಾಗೆಯೇ ಓಡಿದಳು. ಕಡಲಿ ಹೊಲದಲ್ಲಿ ಯಾರೋ ಎಲೆಯ ಮೇಲಿನ ಹುಳಿನೀರು ಹಿಡಿಯಲು ಗಿಡದ ಮೇಲೆ ಬಿಳಿ ಅರಿವೆ ಹಾಸಿದ್ದರು, ಇಬ್ಬನಿಗೆ ಅದು ತೊಯ್ದು ಮಲಗಿತ್ತು. ಅಲ್ಲಿ ನಿಂತಳು.

"ನೀವ್ ಏನಂತೀರಿ ಅಕ್ಕಾರ?"

"ನಿನ್ನ ಮನಸ್ಸು, ನೀಲವ್ವ."

"ನನ್ನ ಮನಸ್ಸು ನಿಮಗ ಗೊತ್ತೈತಿ. ನಿಮ್ದ ಹೇಳ್ರಿ."

ಒಲ್ಲೆ ಅನ್ನು, ನಿನ್ನ ಹೆಸರಲ್ಲೇ ಓಡು, ದೇಣಿಗೆ ಏನಾದರೂ ಆಗಲಿ, ಕೊಡುವವರನ್ನು ನಾನೇ ಹೋಗಿ ಕೇಳುತ್ತೇನೆ. ಇಷ್ಟು ಹೇಳಲು ನನಗೆ ಅಡ್ಡಿ ಏನಿತ್ತು? ಗಿರಿಜಕ್ಕನವರ ಯಜಮಾನರು ನಮ್ಮ ಕಾಲೇಜಿನ ಆಡಳಿತ ಮಂಡಳಿಯಲ್ಲಿದ್ದರು. ಅದು ಆಗ ತಲೆಯಲ್ಲಿ ಇರಲೇ ಇಲ್ಲವೆಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಇತ್ತು.

"ಸಾಲಿಗೆ ಚಲೋ ಆಗತೈತಿ, ಹುಡುಗರ ತಲಿ ಮ್ಯಾಲ ಸೂರು ಬರತೈತಿ," ಅಂದೆ.

"ಹಂಗಾದ್ರ ಆತ್ರಿ," ಅಂದಳು. ಉಳಿದ ಏಳು ಕಿಲೋಮೀಟರು ನನಗಿಂತ ಮುಂದೆಯೇ ಓಡಿದಳು.

ಓಟದ ದಿನ ಆರೂವರೆಗೆ ಬಿಡಬೇಕಾದದ್ದು ಎಂಟಕ್ಕೆ ಬಿಟ್ಟರು. ಬಂದ ಗಣ್ಯರಿಗೆಲ್ಲ ಶಾಲು, ಹಾರ, ಭಾಷಣ. ಮೈ ಬಿಸಿ ಮಾಡಿಕೊಂಡು ನಿಂತ ನಮಗೆ ಬೆವರು ಆರಿ ಚಳಿ ಹತ್ತಿತು. ಗಿರಿಜಕ್ಕ ನಂಬರಿನ ಟೀ ಶರ್ಟು ತೊಟ್ಟು ಮುಂದಿನ ಸಾಲಿನಲ್ಲಿ ನಿಂತು ಫೋಟೋ ತೆಗೆಸಿಕೊಂಡರು, ಓಟ ಬಿಟ್ಟ ಮೇಲೆ ಇನ್ನೂರು ಹೆಜ್ಜೆ ಓಡಿ ಒಂದು ಓಣಿಯೊಳಗೆ ತಿರುಗಿದರು. ಅಲ್ಲಿ ಕಾರು ನಿಂತಿತ್ತು, ಪಕ್ಕದಲ್ಲಿ ನೀಲವ್ವ ನಿಂತಿದ್ದಳು. ಟೀ ಶರ್ಟು ಬದಲಾಯಿತು. ನಂಬರಿನ ಬಟ್ಟೆ ಸಡಿಲಾಗಿತ್ತು, ಪಿನ್ನು ಸರಿಮಾಡಿ ಚುಚ್ಚಿದವಳು ನಾನು. ಹಿಂದಿನಿಂದ ಬಂದ ಶಾಂತಾ ಟೀಚರ್ ಇದನ್ನು ನೋಡಿದರು. ಐದು ತಿಂಗಳಲ್ಲಿ ಮೊದಲ ಬಾರಿ ಅವರ ಬಾಯಿಂದ ಮಾತು ಬರಲಿಲ್ಲ. ಆಚೆ ನೋಡಿ ಓಡಿಹೋದರು.

ಶಿರೋಳದ ಕಡೆ ಹೋಗಿ ಸುತ್ತು ಹಾಕಿ ಬರಬೇಕು. ತಿರುವುಗಳಲ್ಲಿ ಗುರುತಿಗೆಂದು ಮುಂಗೈಗೆ ಬಣ್ಣದ ಲಾಡಿ ಕಟ್ಟುತ್ತಿದ್ದರು, ಮೂರು ಲಾಡಿ ಇದ್ದರೆ ಮಾತ್ರ ಪದಕ. ನೀಲವ್ವ ಚೆನ್ನಾಗಿಯೇ ಓಡಿದಳು. ಹದಿನೈದರಲ್ಲಿ ಶರಬತ್ತು ಕೊಟ್ಟರು, ಪಾಕದಂಥ ಕೇಸರಿ ನೀರು. ಬೇಡವೆಂದು ನಾನು ಅನ್ನುವಷ್ಟರಲ್ಲಿ ಎರಡು ಲೋಟ ಕುಡಿದಳು. ಹದಿನಾರನೇ ಕಿಲೋಮೀಟರಿಗೆ ಕಾಲುವೆಯ ಸೇತುವೆ. ಅಲ್ಲಿ ಕಟ್ಟೆ ಹಿಡಿದು ಬಗ್ಗಿದಳು. ಕೇಸರಿ ವಾಂತಿ, ಕಟ್ಟೆಯ ಮೇಲೆ, ನನ್ನ ಬೂಟಿನ ಮೇಲೆ. ಹಣೆ ಹಿಡಿದುಕೊಂಡು ನಿಂತೆ. ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಮುದುಕಿಯೊಬ್ಬಳು ತಂಬಿಗೆಯಲ್ಲಿ ನೀರು ತಂದಳು.

"ಯಾಕವಾ, ಯಾರರ ಬೆನ್ನ ಹತ್ಯಾರೇನ?"

"ಇಲ್ಲಬೇ, ಯಾರೂ ಹತ್ತಿಲ್ಲ," ಎಂದು ನೀಲವ್ವ ಬಾಯಿ ತೊಳೆದುಕೊಂಡಳು. ಆಮೇಲೆ ನನ್ನ ಬೂಟು ನೋಡಿ ನಕ್ಕಳು. "ಇದನ್ನರ ನನ್ನ ಹೆಸರಲೆ ಬರಕೋರಿ ಅಕ್ಕಾರ, ನಿಮ್ಮ ಡೈರ್ಯಾಗ."

ಬರೆದಿದ್ದೇನೆ. ಅಲ್ಲಿಂದ ಅವಳು ಓಡಿದ ನಾಲ್ಕೂವರೆ ಕಿಲೋಮೀಟರಿನಂಥ ಓಟವನ್ನು ನಾನು ಆಮೇಲೂ ಕಂಡಿಲ್ಲ. ಹೊಟ್ಟೆಯಲ್ಲಿ ಏನೂ ಇಲ್ಲ, ಕಾಲು ಸೋತಿದೆ, ಕಣ್ಣು ಮಾತ್ರ ರಸ್ತೆ ಬಿಟ್ಟು ಕದಲಲಿಲ್ಲ.

ಮುಕ್ತಾಯದ ಗೆರೆಗೆ ಅರ್ಧ ಕಿಲೋಮೀಟರು ಇರುವಾಗ ಗೋದಾಮಿನ ಗೋಡೆಯ ಹಿಂದೆ ಕಾರು ಕಾಯುತ್ತಿತ್ತು. ಅಲ್ಲಿಗೆ ಅವಳ ಓಟ ಮುಗಿಯಬೇಕು. ಗೆರೆ ದಾಟುವವರು ಗಿರಿಜಕ್ಕ. ಕಾರಿನ ಬಾಗಿಲ ಮರೆಯಲ್ಲಿ ನೀಲವ್ವ ಟೀ ಶರ್ಟು ಕಳೆದಳು, ಒಳಗಿನ ಹಳೆಯ ಕುಪ್ಪಸದ ಮೇಲೆ ನನ್ನ ವೇಲು ಹೊದ್ದಳು. ಆ ಟೀ ಶರ್ಟು ಹಿಂಡಿದರೆ ನೀರು ಬರುವಂತಿತ್ತು, ಎದೆಯ ಹತ್ತಿರ ಕೇಸರಿ ಕಲೆ. ಗಿರಿಜಕ್ಕ ಎರಡು ಬೆರಳಲ್ಲಿ ಅದನ್ನು ಎತ್ತಿ ಹಿಡಿದರು. ಉಸಿರು ಬಿಗಿಹಿಡಿದರು. ಚೀಲದಿಂದ ಸೆಂಟಿನ ಬಾಟಲಿ ತೆಗೆದು ಮುಂದೆ, ಹಿಂದೆ, ಕಂಕುಳಲ್ಲಿ ಹೊಡೆದರು, ಮಲ್ಲಿಗೆಯ ಸೆಂಟು. ಆಮೇಲೆ ಕಣ್ಣು ಮುಚ್ಚಿ ತೊಟ್ಟುಕೊಂಡರು. ಒಣ ಟೀ ಶರ್ಟಿನಲ್ಲಿ ಫೋಟೋ ಚೆನ್ನಾಗಿ ಬರುವುದಿಲ್ಲವಲ್ಲ.

"ಲಾಡಿ," ಅಂದರು.

ನೀಲವ್ವನ ಮುಂಗೈಯಲ್ಲಿ ಲಾಡಿಗಳ ಗಂಟುಗಳು ಬೆವರಿಗೆ ಬಿಗಿದಿದ್ದವು. ಡ್ರೈವರ್ ಚಾಕು ತೆಗೆದ. ಕತ್ತರಿಸಿದರೆ ಮತ್ತೆ ಕಟ್ಟಲು ಬರುವುದಿಲ್ಲ ಎಂದು ಗಿರಿಜಕ್ಕ ಗದರಿದರು. ಉಗುರಿನಿಂದ ಒಂದೊಂದೇ ಗಂಟು ಸಡಿಲಿಸಿದವಳು ನಾನು. ಸೂಜಿಯಲ್ಲಿ ದಾರ ಪೋಣಿಸುವ ತಾಳ್ಮೆ ನನ್ನ ಬೆರಳುಗಳಿಗೆ ಮೊದಲಿನಿಂದ ಇದೆ. ನೀಲವ್ವ ಕೈ ಚಾಚಿಕೊಂಡು ನಿಂತಿದ್ದಳು, ಬಳೆ ಇಡಿಸಿಕೊಳ್ಳುವವಳ ಹಾಗೆ.

"ನೀವು ಬಾಜೂಕ ಬರ್ರಿ, ಒಬ್ಬಾಕಿನ ಓಡಿದ್ರ ಸಂಶಯ ಬರತೈತಿ," ಅಂದರು ಗಿರಿಜಕ್ಕ. ಹೋದೆ. ಕೈ ಮೇಲೆತ್ತಿ ಇಬ್ಬರೂ ಗೆರೆ ದಾಟಿದೆವು. ಮೈಕಿನಲ್ಲಿ ಅವರ ಹೆಸರು ಮೂರು ಸಲ ಕೂಗಿದರು. ಆ ಫೋಟೋ ಸಮಿತಿಯ ಪುಸ್ತಿಕೆಯಲ್ಲಿ ಅಚ್ಚಾಗಿದೆ. ಅದರಲ್ಲಿ ನಾನು ನಗುತ್ತಿದ್ದೇನೆ. ಯಾರೂ ನಗು ಅಂದಿರಲಿಲ್ಲ.

ಮನೆಗೆ ಬಂದು ಮೂರು ಸಲ ಸ್ನಾನ ಮಾಡಿದೆ. ನಮ್ಮ ಯಜಮಾನರು ಹೊರಗಿನಿಂದ, "ಇಪ್ಪತ್ತೊಂದು ಕಿಲೋಮೀಟರ್‌ನಾಗ ಅಷ್ಟ ಹೊಲಸ ಆಗತೈತೇನ?" ಎಂದು ಕೇಳಿದರು. ಸೆಂಟಿನ ವಾಸನೆ ಬೆರಳ ಸಂದಿನಲ್ಲಿ ಉಳಿದಿತ್ತೋ, ಉಳಿದಂತೆ ಅನ್ನಿಸಿತೋ ತಿಳಿಯದು. ಮೆಂತ್ಯದ ಪಲ್ಯವನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಮಾತಿನಂತೆ ಚಾವಣಿ ಆಯಿತು. ಅದನ್ನು ಇಲ್ಲವೆನ್ನಲಾರೆ. ಸಂಕ್ರಮಣ ಆದಮೇಲೆ ಶಾಲೆಯಲ್ಲಿ ಹಸ್ತಾಂತರದ ಕಾರ್ಯಕ್ರಮ. ವೇದಿಕೆಯ ಮೇಲೆ ಗಿರಿಜಕ್ಕ, ಸಮಿತಿಯವರು, ತರಬೇತುದಾರಳೆಂದು ಶಾಲು ಹೊದ್ದ ನಾನು. ಕೆಳಗೆ ಹುಡುಗರು, ಪಾಲಕರು. ಚಾವಣಿಯನ್ನು ಕೈಗೆ ಕೊಡಲು ಬರುವುದಿಲ್ಲ, ಆದರೆ ಫೋಟೋ ಬೇಕು. ಅದಕ್ಕೆ ಉಳಿದಿದ್ದ ತಗಡಿನ ಒಂದು ತುಂಡಿಗೆ ಬಣ್ಣದ ಕಾಗದ ಸುತ್ತಿ ತಂದಿದ್ದರು. ಇಸಿದುಕೊಳ್ಳಲು ಪಾಲಕರ ಪರವಾಗಿ ಒಬ್ಬರು ಬೇಕು. ಗಿರಿಜಕ್ಕನೇ ನಿರೂಪಕನ ಕಿವಿಯಲ್ಲಿ ಏನೋ ಹೇಳಿದರು, ಒಳ್ಳೆಯ ಮನಸ್ಸಿನಿಂದಲೇ ಇರಬೇಕು. "ನೀಲವ್ವ, ಮೆಣಸಗಿ" ಎಂದು ಮೈಕಿನಲ್ಲಿ ಕೂಗಿದ.

ನೀಲವ್ವ ಮೇಲೆ ಬಂದಳು. ಮಗಳು ಕೆಳಗೆ ಮೊದಲ ಸಾಲಿನಲ್ಲಿ ಕುಳಿತು ನೋಡುತ್ತಿದ್ದಳು. ಗಿರಿಜಕ್ಕ ತಗಡು ಚಾಚಿದರು, ಫೋಟೋದವನು "ಈ ಕಡೆ ನೋಡ್ರಿ" ಅಂದ. ನೀಲವ್ವ ಕೈ ಚಾಚಲಿಲ್ಲ. ಬಹಳ ಮರ್ಯಾದೆಯಿಂದ ಕೇಳಿದಳು, ಮೈಕು ಹತ್ತಿರವೇ ಇತ್ತು.

"ಅಕ್ಕಾರ, ಅಷ್ಟು ದೂರ ಓಡೀರಿ. ಹದಿನಾರನೇ ಕಿಲೋಮೀಟರಿಗೆ ಭಾಳ ತ್ರಾಸ ಆಗತೈತಂತ ಹೇಳತಾರ. ಅಲ್ಲಿ ನಿಮಗ ಏನಾತ್ರಿ?"

ಗಿರಿಜಕ್ಕನ ನಗು ಅಲ್ಲೇ ನಿಂತಿತು. "ಅಯ್ಯ, ನನಗೇನ್ ಗೊತ್ತಾಗತೈತಿ, ದೇವರ ಓಡಿಸಿದ್ದು. ಸುಮಿತ್ರಕ್ಕಾರನ್ನ ಕೇಳವಾ, ಬಾಜೂಕ ಇದ್ರಲ್ಲ," ಅಂದರು.

ನಿರೂಪಕ ನಗುತ್ತ ಮೈಕು ತಂದು ನನ್ನ ಬಾಯಿಗೆ ಹಿಡಿದ. ನೀಲವ್ವ ನನ್ನನ್ನು ನೋಡಿದಳು. ಕೋಪವಿರಲಿಲ್ಲ. ಕಾಳು ತೂರುವಾಗ ಗಾಳಿ ಬರಲೆಂದು ಮೊರ ಎತ್ತಿ ಹಿಡಿದು ಕಾಯುತ್ತಾರಲ್ಲ, ಹಾಗೆ ಕಾಯುತ್ತಿದ್ದಳು. ಒಂದು ಮಾತು ಸಾಕಿತ್ತು. ಸೇತುವೆ ಅಂದರೆ ಸಾಕಿತ್ತು, ಮುದುಕಿಯ ತಂಬಿಗೆ ಅಂದರೆ ಸಾಕಿತ್ತು. ಚಾವಣಿಯನ್ನು ಯಾರೂ ಮತ್ತೆ ಕಿತ್ತುಕೊಂಡು ಹೋಗುತ್ತಿರಲಿಲ್ಲ.

"ಅಲ್ಲಿ ಗಾಳಿ ಭಾಳ ಇತ್ತು," ಅಂದೆ.

ಜನ ಚಪ್ಪಾಳೆ ಹೊಡೆದರು.

"ಹೌದ್ರಿ, ಇದ್ದೀತು," ಅಂದಳು ನೀಲವ್ವ. ಎರಡೂ ಕೈ ಚಾಚಿ ತಗಡು ಇಸಿದುಕೊಂಡಳು. ಫೋಟೋ ಆಯಿತು.

ಗಿರಿಜಕ್ಕನ ಮೇಲೆ ನನಗಿದ್ದ ಹೇಸಿಗೆ ವರ್ಷದೊಳಗೆ ತೆಳುವಾಯಿತು. ಈಗ ಪೇಟೆಯಲ್ಲಿ ಸಿಕ್ಕರೆ ಮಾತಾಡುತ್ತೇವೆ. ನನ್ನ ಮೇಲಿನದು ಹೋಗಿಲ್ಲ. ನೀಲವ್ವ ಆ ದುಕಾನು ಬಿಟ್ಟು ಬೇರೆ ಕಡೆ ಕಾಳು ಹಸನ ಮಾಡುತ್ತಾಳೆ. ಓಡುವುದನ್ನು ಬಿಟ್ಟಿಲ್ಲ. ಚಿಕ್ಕನರಗುಂದದ ರಸ್ತೆಯಲ್ಲೇ ಓಡುತ್ತಾಳೆ, ಹಿಂದೆ ಅವಳ ಜೊತೆ ಕೆಲಸ ಮಾಡುವ ಮೂವರು ಹೆಂಗಸರು, ಸೀರೆ ಕಚ್ಚೆ ಕಟ್ಟಿಕೊಂಡು. "ಅರಾಮ್ರಿ ಅಕ್ಕಾರ?" ಎಂದು ಈಗಲೂ ಕೇಳುತ್ತಾಳೆ, ಕೇಳುತ್ತ ದಾಟಿಹೋಗುತ್ತಾಳೆ.

ಗಜೇಂದ್ರಗಡದಿಂದ ಬಂದ ಮರುದಿನ ಬೆಳಗ್ಗೆ ಅವರ ಹಿಂದೆಯೇ ಓಡುತ್ತಿದ್ದೆ, ನೂರು ಹೆಜ್ಜೆ ಅಂತರದಲ್ಲಿ. ಮೂವರಲ್ಲಿ ದಪ್ಪನೆಯವಳೊಬ್ಬಳು ಪಕ್ಕೆ ಹಿಡಿದುಕೊಂಡು ನಿಂತುಬಿಟ್ಟಳು. ನೀಲವ್ವ ತಿರುಗಿ ಬಂದಳು, ಅವಳ ಬೆನ್ನ ಮೇಲೆ ಕೈಯಿಟ್ಟು ಉಸಿರು ಬಿಡುವುದನ್ನು ತೋರಿಸಿದಳು, ಆಕೆ ನೆಟ್ಟಗಾಗುವವರೆಗೆ ಕಾದಳು. ನಾನು ಹೆಜ್ಜೆ ಜೋರು ಮಾಡಿದೆ. ಮಾತು ಕೇಳಿಸುವಷ್ಟು ಹತ್ತಿರ ಬಂದಾಗ ನೀಲವ್ವ ನನ್ನತ್ತ ಒಮ್ಮೆ ನೋಡಿದಳು, "ನಡೀರಿ" ಎಂದು ಅವರಿಗೆ ಹೇಳಿದಳು, ಮತ್ತೆ ಓಡತೊಡಗಿದಳು.